ಬೇಲಿ ಮ್ಯಾಲಿನ ಸಿನಿಮಾ

ನಮ್ಮ ಬಾಜೂ ಮನಿ ಕಾಕಾ ‘ಪಿಂಜರಾ’ ಸಿನಿಮಾ ಎಷ್ಟು ಸಲ ನೋಡಿದ್ದಾರೆ ಅಂತ ಅವರಿಗೇ ಲೆಕ್ಕವಿಲ್ಲ. ವ್ಹಿ. ಶಾಂತಾರಾಮ್ 1972ರಲ್ಲಿ ಮಾಡಿದ ಮರಾಠಿ ಚಿತ್ರ ಅದು. ಊರಿಗೆಲ್ಲ ಬುದ್ಧಿ ಹೇಳುವ ಮಾಸ್ತರ ತಮಾಶಾದಲ್ಲಿ ಕುಣಿಯುವ ಹೆಣ್ಣಿಗೆ ಮನಸೋಲುತ್ತಾನೆ. ಆಕೆಯ ಹಿಂದೆ ಊರೂರು ಅಲೆಯುತ್ತಾನೆ. ಕಡೆಗೆ ತನ್ನನ್ನೇ ತಾನು ಕೊಂದ ಆರೋಪ ಅವನ ಮೇಲೆ ಬರುತ್ತದೆ, ಸತ್ತನೆಂದುಕೊಂಡ ಮಾಸ್ತರನ ಹೆಸರು ಊರಲ್ಲಿ ಚೊಕ್ಕಟವಾಗಿ ಉಳಿಯಲಿ ಅಂತ ಬಾಯಿ ಬಿಡದೆ ಶಿಕ್ಷೆಗೆ ಕೊರಳೊಡ್ಡುತ್ತಾನೆ. ಶ್ರೀರಾಮ ಲಾಗೂ ಮಾಸ್ತರ, ಸಂಧ್ಯಾ ಕುಣಿಯುವಾಕೆ. ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ನಮ್ಮ ಭಾಲ್ಕಿ ತಾಲ್ಲೂಕಿನ ಊರುಗಳಲ್ಲಿ ಕಾಕಾನ ವಯಸ್ಸಿನವರ ಮುಂದೆ ಈ ಚಿತ್ರದ ಹೆಸರೆತ್ತಿದರೆ ಸಾಕು, ಹಾಡು ತಾನಾಗಿ ಬರುತ್ತದೆ.

ಮೊನ್ನೆ ಅವರು ಬೇಲಿಯ ಆ ಕಡೆ ಎಮ್ಮೆಗೆ ಕಣಕಿ ಹಾಕುತ್ತ ಅದೇ ಹಾಡು ಗುನುಗುತ್ತಿದ್ದರು. ನಾನು ಈ ಕಡೆಯಿಂದ ಹೇಳಿದೆ: “ಕಾಕಾ, ಈ ಕತೀ ಬೇರು ಜರ್ಮನಿದಾಗ ಅದ ನೋಡ್ರಿ.” ಹೈನ್‌ರಿಖ್ ಮಾನ್ ಎಂಬ ಜರ್ಮನ್ ಲೇಖಕನ ಕಾದಂಬರಿಯಿಂದ 1930ರಲ್ಲಿ ‘ಬ್ಲೂ ಏಂಜೆಲ್’ ಎಂಬ ಚಿತ್ರ ಬಂತು, ಅದರಲ್ಲೂ ಒಬ್ಬ ಶಿಸ್ತಿನ ಮೇಷ್ಟ್ರು, ಅದರಲ್ಲೂ ಹಾಡಿ ಕುಣಿಯುವ ಹೆಣ್ಣು, ಆ ಪಾತ್ರದಿಂದಲೇ ಮಾರ್ಲೀನ್ ಡೀಟ್ರಿಖ್ ಜಗತ್ತಿಗೆಲ್ಲ ಗೊತ್ತಾದಳು ಅಂತ ವಿವರಿಸಿದೆ. ಕಾಕಾ ಕಣಕಿ ಕೆಳಗಿಟ್ಟರು.

“ಆ ಮಾಸ್ತರ ಕಡೀಗ ಏನ್ ಆದ?”

“ಆಕಿ ಕಂಪನಿದಾಗ ಕೋಡಂಗಿ ಆದ್ರಿ. ತನ್ನ ಊರಿಗೇ ಬಂದು, ತನ್ನ ಮಂದಿ ಮುಂದ ಕೋಳಿ ಹಂಗ ಕೂಗಿದ.”

ಅವರು ಸ್ವಲ್ಪ ಯೋಚನೆ ಮಾಡಿ ಅಂದರು: “ಹಂಗಾದ್ರ ನಮ್ಮ ಮಾಸ್ತರಂದೇ ಬೇಸ್. ಅವ ಜೀವ ಕೊಟ್ಟ, ಊರಾಗಿನ ಹೆಸರು ಉಳಿಸ್ಕೊಂಡ. ಇವಗ ಎರಡೂ ಹೋಯ್ತು.”

ಇದು ವಿಮರ್ಶೆಯ ಮಾತು. ಎರಡು ಚಿತ್ರಗಳ ನಡುವಿನ ವ್ಯತ್ಯಾಸ ಎಲ್ಲಿದೆಯೋ ಅಲ್ಲಿಗೇ ಬೆರಳಿಟ್ಟ ಮಾತು. ಒಂದು ಚಿತ್ರವನ್ನು ಅವರು ನೋಡೇ ಇಲ್ಲ, ಬೇಲಿ ಮೇಲಿಂದ ಕೇಳಿದ್ದಷ್ಟೇ. ಆವತ್ತಿನಿಂದ ನನಗೆ ಇದೊಂದು ಹುಚ್ಚು ಹತ್ತಿದೆ: ಎಪ್ಪತ್ತರ ದಶಕದ ಜಗತ್ತಿನ ಸಿನಿಮಾಗಳನ್ನು ಒಂದೊಂದಾಗಿ ಕಾಕಾಗೆ ಹೇಳುವುದು. ಅವರ ಮನೆಯ ಕಾಕು ರೊಟ್ಟಿ ಬಡಿಯುತ್ತ ಒಳಗಿಂದಲೇ ಕೇಳಿಸಿಕೊಳ್ಳುತ್ತಾರೆ. ಅವರ ಪ್ರಶ್ನೆಗಳು ಕಾಕಾನ ಪ್ರಶ್ನೆಗಳಿಗಿಂತ ಹರಿತ.

ಎಪ್ಪತ್ತರ ದಶಕವೇ ಯಾಕೆ? ಆ ಹತ್ತು ವರ್ಷಗಳಲ್ಲಿ ಜಗತ್ತಿನ ಸಿನಿಮಾ ಹಳ್ಳಿಯ ಕಡೆ ಮುಖ ಮಾಡಿತ್ತು. ಇರಾನ್, ತುರ್ಕಿ, ಸೆನೆಗಲ್, ಇಟಲಿ, ನಮ್ಮ ಕನ್ನಡ, ಎಲ್ಲ ಕಡೆ ಕ್ಯಾಮೆರಾ ಹೊಲಕ್ಕೆ, ಕೊಟ್ಟಿಗೆಗೆ, ಬಾವಿಕಟ್ಟೆಗೆ ಬಂತು. ಆದರೆ ಹಾಗೆ ಬಂದು ತೆಗೆದ ಚಿತ್ರಗಳನ್ನು ನೋಡಿದವರು ಯಾರು? ಕಾನ್, ಬರ್ಲಿನ್, ವೆನಿಸ್, ಲೊಕಾರ್ನೊ ಚಿತ್ರೋತ್ಸವದ ಮಂದಿ. ನಮ್ಮಲ್ಲಿ ದಿಲ್ಲಿ, ಬೆಂಗಳೂರಿನ ಚಿತ್ರಸಮಾಜಗಳ ಮಂದಿ. ಯಾರ ಕೊಟ್ಟಿಗೆಯ ಕತೆಯೋ ಅವರಿಗೆ ಅದು ತಲುಪಲಿಲ್ಲ. ಇದು ನನಗೆ ದೊಡ್ಡ ಅನ್ಯಾಯವಾಗಿ ಕಾಣುತ್ತದೆ. ‘ಆರ್ಟ್ ಸಿನಿಮಾ ಹಳ್ಳಿ ಮಂದಿಗೆ ಹತ್ತುವುದಿಲ್ಲ’ ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ತೋರಿಸಿ ನೋಡಿದವರು ಎಷ್ಟು ಮಂದಿ?

ನಿಧಾನ ಅನ್ನುತ್ತಾರೆ. ನಮ್ಮ ಕಡೆ ಹರಿನಾಮ ಸಪ್ತಾಹಕ್ಕೆ ರಾತ್ರಿಯಿಡೀ ಕೂತು ಕೀರ್ತನೆ ಕೇಳುವವರಿದ್ದಾರೆ. ಅಮಾವಾಸ್ಯೆಯ ಭಜನೆ ನಸುಕಿಗೆ ಮುಗಿಯುತ್ತದೆ. ಬಯಲಾಟದಲ್ಲಿ ಒಬ್ಬ ರಾಜ ವೇದಿಕೆಗೆ ಬಂದು ತಾನು ಯಾರೆಂದು ಹೇಳಿಕೊಳ್ಳುವುದಕ್ಕೇ ಎಷ್ಟೋ ಹೊತ್ತು ಹಿಡಿಯುತ್ತದೆ, ಯಾರೂ ಎದ್ದು ಹೋಗುವುದಿಲ್ಲ. ಅಂಥವರಿಗೆ ಮೂರು ತಾಸಿನ ಇಟಾಲಿಯನ್ ಚಿತ್ರ ಉದ್ದವಾದೀತೇ?

ಭಾಷೆ ಬರುವುದಿಲ್ಲ ಅನ್ನುತ್ತಾರೆ. ಬೇರೆಲ್ಲಾದರೂ ಈ ಮಾತು ನಡೆದೀತು, ನಮ್ಮೂರು ಮೆಹಕರದಲ್ಲಿ ನಡೆಯುವುದಿಲ್ಲ. ಇಲ್ಲಿ ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ದಖನಿ, ತೆಲಂಗಾಣದ ಬೀಗರು ಬಂದರೆ ಎರಡು ಮಾತು ತೆಲುಗು. ಒಂದೇ ಕಟ್ಟೆಯ ಮೇಲೆ ಒಬ್ಬರು ಕನ್ನಡದಲ್ಲಿ ಕೇಳಿದರೆ ಇನ್ನೊಬ್ಬರು ಮರಾಠಿಯಲ್ಲಿ ಉತ್ತರಿಸುತ್ತಾರೆ, ಮಾತು ತುಂಡಾಗುವುದಿಲ್ಲ. ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಸೀಮೆ ಇದು. ಒಂದು ಭಾಷೆ ಕಿವಿಗೆ ಬೀಳುತ್ತಿರುವಾಗ ಇನ್ನೊಂದರಲ್ಲಿ ಅರ್ಥ ಮಾಡಿಕೊಳ್ಳುವುದು ನಮಗೆ ತಲೆಮಾರುಗಳ ರೂಢಿ.

ಆ ಚಿತ್ರಗಳು ತಲುಪಲಿಲ್ಲ ಅಂದಮಾತ್ರಕ್ಕೆ ಹಳ್ಳಿಗೆ ಸಿನಿಮಾದ ಭಕ್ತಿ ಇರಲಿಲ್ಲ ಅಂತಲ್ಲ. 1975ರ ವಿಷಯ ಕೇಳಿ. ಆ ವರ್ಷ ‘ರಾಕಿ ಹಾರರ್ ಪಿಕ್ಚರ್ ಶೋ’ ಎಂಬ ಇಂಗ್ಲಿಷ್ ಚಿತ್ರ ಬಂದು ಸೋತಿತು. ಮರುವರ್ಷ ನ್ಯೂಯಾರ್ಕಿನಲ್ಲಿ ಅದನ್ನು ನಡುರಾತ್ರಿ ಆಟಕ್ಕೆ ಹಾಕಿದರು. ಜನ ಪಾತ್ರಗಳ ವೇಷ ಹಾಕಿಕೊಂಡು ಬರತೊಡಗಿದರು, ಪರದೆಯ ಮೇಲೆ ಮದುವೆ ನಡೆದರೆ ಇಲ್ಲಿಂದ ಅಕ್ಕಿ ತೂರಿದರು, ಮಾತಿಗೆ ಮಾತು ಕೂಗಿದರು. ಕಲ್ಟ್ ಸಿನಿಮಾ ಅನ್ನುವುದಕ್ಕೆ ಇದೇ ದೊಡ್ಡ ಉದಾಹರಣೆ ಅಂತ ಪುಸ್ತಕಗಳು ಬರೆಯುತ್ತವೆ. ಅದೇ 1975ರಲ್ಲಿ ನಮ್ಮಲ್ಲಿ ‘ಜೈ ಸಂತೋಷಿ ಮಾ’ ಬಂತು. ಜನ ಥಿಯೇಟರಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟರು, ದೇವಿ ಕಂಡಾಗ ಹೂವು ಚಿಲ್ಲರೆ ಎಸೆದರು, ಆರತಿ ಬೆಳಗಿದರು. ಇದನ್ನು ಹೇಳಿದಾಗ ಕಾಕು ಒಳಗಿಂದ ಅಂದರು: “ನಾನೂ ಶುಕ್ರವಾರ ಮಾಡೀನಿ ಆಕೀದು. ಹುಳಿ ಮುಟ್ಟತಿದ್ದಿಲ್ಲ.” ಸಿನಿಮಾ ನೋಡಿ ವ್ರತ ಹಿಡಿದ ಹೆಂಗಸರು ಆಗ ದೇಶದ ತುಂಬ ಇದ್ದರು. ಪ್ರೇಕ್ಷಕರು ಪರದೆಯೊಳಗೆ ಕೈ ಹಾಕುವ ಈ ಶಕ್ತಿ ನಮ್ಮ ತಂಬೂ ಟಾಕೀಸುಗಳಲ್ಲಿ ಮೊದಲಿಂದಲೂ ಇತ್ತು.

ತಂಬೂ ಅಂದಾಗ ಒಂದು ಸ್ಪೇನಿನ ಚಿತ್ರದ ಮಾತು ಹೇಳಲೇಬೇಕು. ವಿಕ್ಟರ್ ಎರಿಸೆ 1973ರಲ್ಲಿ ಮಾಡಿದ ‘ದಿ ಸ್ಪಿರಿಟ್ ಆಫ್ ದ ಬೀಹೈವ್’. ಅಂತರ್ಯುದ್ಧ ಮುಗಿದು ಬಳಲಿದ ಒಂದು ಹಳ್ಳಿ. ಲಾರಿಯಲ್ಲಿ ಸಿನಿಮಾ ಡಬ್ಬಿಗಳು ಬರುತ್ತವೆ, ಮಕ್ಕಳು ಕೂಗುತ್ತ ಹಿಂದೆ ಓಡುತ್ತಾರೆ, ಮುದುಕಿಯೊಬ್ಬಳು ತುತ್ತೂರಿ ಊದಿ ಸಾರುತ್ತಾಳೆ. ಜನ ಕೂಡುವುದಕ್ಕೆ ತಮ್ಮ ತಮ್ಮ ಕುರ್ಚಿ ತಾವೇ ಹೊತ್ತು ತರುತ್ತಾರೆ. ಆ ರಾತ್ರಿ ತೋರಿಸುವುದು ‘ಫ್ರಾಂಕನ್‌ಸ್ಟೈನ್’. ಸಣ್ಣ ಹುಡುಗಿ ಆನಾ ಅದನ್ನು ನಿಜವೆಂದೇ ನಂಬಿ ಆ ರಾಕ್ಷಸನನ್ನು ಹುಡುಕಿಕೊಂಡು ಹೋಗುತ್ತಾಳೆ. ಇಷ್ಟು ಹೇಳುವಷ್ಟರಲ್ಲಿ ಕಾಕಾ ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆಗೆ ಹೋಗಿಬಿಟ್ಟಿದ್ದರು. “ನಾವ್ ಪೋತೆ ಒಯ್ತಿದ್ದಿವಿ, ಹಾಸ್ಲಾಕ. ತಂಬೂದಾಗ ಒಂದ್ ಕಡೀ ಗಂಡಸರು, ಒಂದ್ ಕಡೀ ಹೆಂಗಸರು. ರೀಲ್ ಕಡೀತು ಅಂದ್ರ ಸೀಟಿ.” ಸ್ಪೇನಿನ ಹಳ್ಳಿ ಅವರಿಗೆ ಒಂದು ನಿಮಿಷಕ್ಕೂ ಪರದೇಶ ಅನ್ನಿಸಲಿಲ್ಲ.

ಇನ್ನು ಕನ್ನಡದ ಮಾತು. ಆ ದಶಕದಲ್ಲಿ ಕನ್ನಡ ಚಿತ್ರಗಳು ಮೂರು ಸಲ ದೇಶದ ಅತ್ಯುತ್ತಮ ಚಿತ್ರದ ಸ್ವರ್ಣಕಮಲ ತಂದವು: 1970ರ ‘ಸಂಸ್ಕಾರ’, 1975ರ ‘ಚೋಮನ ದುಡಿ’, 1977ರ ‘ಘಟಶ್ರಾದ್ಧ’. ಪಟ್ಟಾಭಿರಾಮ ರೆಡ್ಡಿ, ಬಿ.ವಿ. ಕಾರಂತ, ಗಿರೀಶ ಕಾಸರವಳ್ಳಿ. ನಡುವೆ ಕಾರ್ನಾಡರ ‘ಕಾಡು’, ಲಂಕೇಶರ ‘ಪಲ್ಲವಿ’, ಜಿ.ವಿ. ಅಯ್ಯರ್ ಅವರ ‘ಹಂಸಗೀತೆ’. 1978ರಲ್ಲಿ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’, ಅದರ ಹಿಂದೆ ಜಪಾನಿನ ಕುರೊಸಾವನ ಸಮುರಾಯ್ ಚಿತ್ರಗಳ ನೆರಳು. ಅದೇ ಮೊದಲ ಚಿತ್ರದಲ್ಲೇ ಶಂಕರನಾಗ್ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಅನ್ನಿಸಿಕೊಂಡ. ಈ ಚಿತ್ರಗಳೆಂದರೆ ನನಗೆ ಜೀವ. ಆದರೆ ಬೀದರದಲ್ಲಿ ಹುಟ್ಟಿದವನಾಗಿ ಒಂದು ಮಾತು ಹೇಳಬೇಕು. ಇವುಗಳಲ್ಲಿ ಬಹುಪಾಲು ಮಲೆನಾಡು, ಕರಾವಳಿ, ಹಳೇ ಮೈಸೂರಿನ ನೆಲದವು. ಅಗ್ರಹಾರ, ಅಡಿಕೆ ತೋಟ, ಜಡಿಮಳೆ. ನಮ್ಮ ತೊಗರಿ ಹೊಲ, ಕೆಂಪು ಕಲ್ಲು, ಬಿಸಿಲು, ದಖನಿ ಮಾತು ಅವುಗಳಲ್ಲಿ ಇಲ್ಲ. ದಖನಿ ಮಾತು ಕೇಳಬೇಕಾದರೆ ನಾವು ಶ್ಯಾಮ್ ಬೆನೆಗಲ್ ಅವರ ಹಿಂದಿ ಚಿತ್ರ ‘ಅಂಕುರ್’ಗೆ ಹೋಗಬೇಕಾಯಿತು. 1974ರದ್ದು, ಹೈದರಾಬಾದಿನ ಹತ್ತಿರದ ಹಳ್ಳಿಯಲ್ಲಿ ತೆಗೆದದ್ದು. ಜಮೀನ್ದಾರನ ಮಗನಾಗಿ ಅನಂತನಾಗ್, ಕೆಲಸದಾಕೆಯಾಗಿ ಶಬಾನಾ ಆಜ್ಮಿ. 1956ರವರೆಗೆ ನಾವೂ ಹೈದರಾಬಾದ್ ರಾಜ್ಯದವರೇ, ಆ ಚಿತ್ರದ ಜಮೀನ್ದಾರಿಕೆ ಎಂಥದ್ದು ಅಂತ ನಮ್ಮ ಅಜ್ಜಂದಿರು ಮೈಯಲ್ಲೇ ಬಲ್ಲವರು.

ಕಡೆಗೆ ನಮ್ಮ ನೆಲಕ್ಕೂ ಕನ್ನಡ ಕ್ಯಾಮೆರಾ ಬಂತು. 1982ರ ‘ಬರ’. ಅನಂತಮೂರ್ತಿಯವರ ಕತೆ, ಎಂ.ಎಸ್. ಸತ್ಯು ನಿರ್ದೇಶನ, ಚಿತ್ರೀಕರಣ ನಮ್ಮ ಬೀದರ ಜಿಲ್ಲೆಯಲ್ಲಿ. ಸತ್ಯು ಅಂದರೆ ‘ಗರಂ ಹವಾ’ ಮಾಡಿದವರು. ದೇಶ ಇಬ್ಭಾಗವಾದಾಗ ಆಗ್ರಾದಲ್ಲೇ ಉಳಿದ ಒಂದು ಮುಸ್ಲಿಂ ಮನೆತನದ ಕತೆ, ಬಲರಾಜ್ ಸಾಹ್ನಿಯ ಕೊನೆಯ ದೊಡ್ಡ ಪಾತ್ರ. ಗಲಾಟೆ ಆದೀತೆಂದು ಸೆನ್ಸಾರಿನವರು ತಿಂಗಳುಗಟ್ಟಲೆ ತಡೆದಿದ್ದರು. ಕಡೆಗೆ 1974ರಲ್ಲಿ ಅದು ಮೊದಲು ಬಿಡುಗಡೆಯಾದದ್ದು ಬೆಂಗಳೂರಿನಲ್ಲಿ, ಯಾವ ಗಲಾಟೆಯೂ ಆಗಲಿಲ್ಲ. ಅದೇ ವರ್ಷ ಕಾನ್ ಸ್ಪರ್ಧೆಗೂ ಹೋಯಿತು. ಅಂಥ ಮನುಷ್ಯ ಬೀದರಕ್ಕೆ ಬಂದು ಬರದ ಚಿತ್ರ ಮಾಡಿದರು.

‘ಬರ’ದಲ್ಲಿ ಅನಂತನಾಗ್ ಜಿಲ್ಲಾಧಿಕಾರಿ. ವಯಸ್ಸು ಚಿಕ್ಕದು, ಮನಸ್ಸು ಪ್ರಾಮಾಣಿಕ. ಜಿಲ್ಲೆಯನ್ನು ಬರಪೀಡಿತ ಅಂತ ಘೋಷಿಸಿರೆಂದು ಮೇಲಿನವರನ್ನು ಕೇಳುತ್ತಾನೆ. ಯಾವ ಮಂತ್ರಿಗೆ ಯಾರ ಮೇಲೆ ಮುನಿಸು, ಘೋಷಣೆಯಾದರೆ ಹೆಸರು ಯಾರಿಗೆ ಬರುತ್ತದೆ ಅನ್ನುವ ಲೆಕ್ಕಾಚಾರದಲ್ಲಿ ಹೊಲ ಒಣಗುತ್ತದೆ, ಊರಿಗೆ ಗಲಭೆಯ ಬೆಂಕಿ ಬೀಳುತ್ತದೆ. ಹಿಂದಿಯಲ್ಲಿ ಇದೇ ಚಿತ್ರ ‘ಸೂಖಾ’ ಆಯಿತು, ರಾಷ್ಟ್ರೀಯ ಭಾವೈಕ್ಯಕ್ಕೆ ಕೊಡುವ ನರ್ಗಿಸ್ ದತ್ ಪ್ರಶಸ್ತಿ ಪಡೆಯಿತು. ಕತೆಯ ಅಧಿಕಾರಿ ಒಳ್ಳೆಯವನು, ಆದರೆ ಒಳ್ಳೆಯತನ ಸಾಕಾಗುವುದಿಲ್ಲ ಅನ್ನುವುದನ್ನು ಚಿತ್ರ ಕೂಗದೆ ತೋರಿಸುತ್ತದೆ. ಕನ್ನಡದ ರಾಜಕೀಯ ಚಿತ್ರಗಳಲ್ಲಿ ಇದರ ಸಮಕ್ಕೆ ನಿಲ್ಲುವವು ಕಡಿಮೆ ಅಂತಲೇ ನನ್ನ ಅಭಿಪ್ರಾಯ.

ಕಾಕಾ ‘ಬರ’ ನೋಡಿಲ್ಲ. ಚಿತ್ರ ತೆಗೆದ ಜಿಲ್ಲೆಯಲ್ಲೇ ಹುಟ್ಟಿ ಬೆಳೆದವರು ನೋಡಿಲ್ಲ. ಕತೆ ಹೇಳಿದಾಗ ಅವರು ನೆನೆದದ್ದು 1972ನ್ನು. “ಬಾಹತ್ತರದ ದುಷ್ಕಾಳದಾಗ ನಾ ಸಣ್ಣ ಹುಡುಗ. ಅವ್ವ ಅಪ್ಪ ಇಬ್ಬರೂ ಖಡಿ ಒಡೀಲಾಕ ಹೋಗ್ತಿದ್ರು. ಮಿಲೋ ಜ್ವಾಳ ಬಂದಿತ್ತು, ಕೆಂಪಂದು, ಪರದೇಶದ್ದು. ರೊಟ್ಟಿ ಬಡದ್ರ ಹತ್ತತಿದ್ದಿಲ್ಲ, ಮುರೀತಿತ್ತು.” ಮರಾಠವಾಡಾ ಮತ್ತು ನಮ್ಮ ಈ ಭಾಗದ ಹಿರಿಯರ ನೆನಪಿನಲ್ಲಿ ಆ ವರ್ಷ ಇನ್ನೂ ಆರಿಲ್ಲ. ಆಮೇಲೆ ಅವರು ಕೇಳಿದ್ದು ಒಂದೇ: “ಆ ಡಿ.ಸಿ. ಸಾಹೇಬ ಖಡಿ ಒಡ್ಯೋರ ಬಲ್ಲಿ ಕುಂತು ಮಾತಾಡ್ತಾನೇನು, ಬರೇ ಜೀಪಿನಾಗ ತಿರಗ್ತಾನೇನು?” ಇದಕ್ಕೆ ನಾನು ಉದ್ದ ಉತ್ತರ ಕೊಟ್ಟೆ. ಅವರ ಪ್ರಶ್ನೆಯೇ ಚಿತ್ರದ ಹೃದಯದಲ್ಲಿರುವ ಪ್ರಶ್ನೆ. ಇಂಗ್ಲಿಷ್ ಓದಿದ ಅಧಿಕಾರಿ, ಹಸಿದ ಜನ, ನಡುವಿನ ಅಂತರ. ಅನಂತಮೂರ್ತಿ ಬರೆದದ್ದೇ ಅದನ್ನು.

ಈಗ ಪರದೇಶಗಳ ಮೂರ್ನಾಲ್ಕು ಕತೆ. ಕಾಕಾಗೆ ಎಲ್ಲಕ್ಕಿಂತ ಹೆಚ್ಚು ತಟ್ಟಿದ್ದು ಇರಾನಿನ ‘ಗಾವ್’. ಹೆಸರಿನ ಅರ್ಥ ಆಕಳು ಅಂತ ನಾನು ಹೇಳುವ ಮೊದಲೇ ಅವರಿಗೆ ಗೊತ್ತಾಯಿತು. ದಾರಿಯುಶ್ ಮೆಹರ್ಜುಯಿ 1969ರಲ್ಲಿ ಮಾಡಿದ್ದು. ಸರ್ಕಾರದ ದುಡ್ಡಿನಲ್ಲೇ ತಯಾರಾದ ಚಿತ್ರ, ಆದರೆ ಹಳ್ಳಿಯ ಬಡತನ ತೋರಿಸಿದೆ ಅಂತ ಸರ್ಕಾರವೇ ತಡೆಯಿತು. 1971ರಲ್ಲಿ ಅದನ್ನು ಕದ್ದು ಸಾಗಿಸಿ ವೆನಿಸ್‌ನಲ್ಲಿ ತೋರಿಸಿದರು, ವಿಮರ್ಶಕರ ಬಹುಮಾನ ಬಂತು. ಇಡೀ ಹಳ್ಳಿಗೆ ಒಂದೇ ಆಕಳು, ಅದು ಹಸನ್‌ನದು. ಅದರ ಮೈ ತೊಳೆಯುತ್ತಾನೆ, ಮಾತಾಡಿಸುತ್ತಾನೆ, ಅದರ ಜೊತೆಗೇ ಉಣ್ಣುತ್ತಾನೆ. ಅವನು ಊರಲ್ಲಿಲ್ಲದ ದಿನ ಆಕಳು ಸಾಯುತ್ತದೆ. ನಿಜ ಹೇಳುವ ಧೈರ್ಯ ಯಾರಿಗೂ ಇಲ್ಲ. ಹೂತುಬಿಟ್ಟು, ತಪ್ಪಿಸಿಕೊಂಡು ಹೋಯಿತು ಅನ್ನುತ್ತಾರೆ. ಹಸನ್ ಕೊಟ್ಟಿಗೆ ಬಿಟ್ಟು ಏಳುವುದಿಲ್ಲ, ಮೇವು ತಿನ್ನತೊಡಗುತ್ತಾನೆ, ನಾನೇ ಹಸನ್‌ನ ಆಕಳು ಅನ್ನುತ್ತಾನೆ.

ನಾನು ಇದನ್ನು ಹೇಳುವಾಗ ಭಯಪಟ್ಟಿದ್ದೆ, ಇಂಥದ್ದನ್ನು ವಿಚಿತ್ರ ಅಂದುಬಿಟ್ಟರೆ ಅಂತ. ಕಾಕಾ ಎಮ್ಮೆಯ ಕಡೆ ಒಮ್ಮೆ ನೋಡಿ ಅಂದರು: “ಸುಳ್ಳ ಹೇಳಿದ್ದೇ ತಪ್ಪಾಯ್ತು. ಸತ್ತದ ಅಂತ ತೋರ್ಸಿದ್ರ ಅತ್ತು ಸುಮ್ನಾಗ್ತಿದ್ದ. ಹೋಗ್ಯಾದ ಅಂದ್ರ ಹುಡುಕ್ತಾನಲ್ಲ ಮನುಷ್ಯಾ.” ಆಗ ಕಾಕು ಒಲೆ ಬಿಟ್ಟು ಹೊರಗೆ ಬಂದರು. “ಆ ಹಸನನ ಹೆಂಡತಿ ಏನಂದಳು? ಆಕೀಗೂ ಸುಳ್ಳೇ ಹೇಳ್ಲಾಕ ಹಚ್ಚಿದ್ರೇನು?” ಹೌದು, ಆಕೆಗೂ ಹೇಳಲು ಹಚ್ಚಿದರು. ಆ ಚಿತ್ರದ ಬಗ್ಗೆ ನಾನು ಓದಿದ ಬರಹಗಳಲ್ಲಿ ಹಸನ್‌ನ ಹೆಂಡತಿಗೆ ಅರ್ಧ ಸಾಲಿಗಿಂತ ಹೆಚ್ಚು ಜಾಗ ಸಿಕ್ಕದ್ದು ನಾನು ಕಂಡಿಲ್ಲ. ಅವಳ ಹೊಟ್ಟೆಯ ಸಂಕಟ ಕಂಡದ್ದು ಕಾಕುಗೆ.

ಆಮೇಲೆ ಇಟಲಿ. ಎರ್ಮಾನೊ ಓಲ್ಮಿಯ ‘ದಿ ಟ್ರೀ ಆಫ್ ವುಡನ್ ಕ್ಲಾಗ್ಸ್’ 1978ರಲ್ಲಿ ಕಾನ್ ಚಿತ್ರೋತ್ಸವದ ಪಾಮ್ ದೋರ್ ಗೆದ್ದಿತು. ನಟರೆಲ್ಲ ಬೆರ್ಗಾಮೊ ಸೀಮೆಯ ನಿಜವಾದ ರೈತರು. ಅವರು ಆಡಿದ್ದು ತಮ್ಮ ಊರ ಮಾತು. ಇಟಲಿಯ ಬೇರೆ ಕಡೆಯವರಿಗೇ ಅದು ತಿಳಿಯುತ್ತಿರಲಿಲ್ಲ. ಇಲ್ಲಿ ನನಗೆ ನಮ್ಮ ಬೀದರ ಮಾತು ನೆನಪಾಗುತ್ತದೆ. ಕನ್ನಡ ಸಿನಿಮಾದಲ್ಲಿ ‘ಮಾಡ್ಲತ್ತೀನಿ, ಹೋಗ್ಲತ್ತೀನಿ’ ಅಂತ ಒಬ್ಬ ನಾಯಕ ಮೂರು ತಾಸು ಮಾತಾಡುವ ದಿನ ಬಂದರೆ ನಾನು ಮೊದಲ ಸಾಲಿನಲ್ಲಿ ಕೂಡುತ್ತೇನೆ.

ಒಬ್ಬ ದಣಿ, ಅವನ ಜಮೀನಿನಲ್ಲಿ ದುಡಿಯುವ ನಾಲ್ಕು ಕುಟುಂಬ. ಒಬ್ಬ ಹುಡುಗ ಜಾಣ, ದೂರದ ಶಾಲೆಗೆ ನಡೆದು ಹೋಗುತ್ತಾನೆ, ಮರದ ಪಾದುಕೆ ಒಡೆಯುತ್ತದೆ. ಅಪ್ಪ ರಾತ್ರಿ ಕದ್ದು ದಣಿಯ ಒಂದು ಮರ ಕಡಿದು ಮಗನಿಗೆ ಹೊಸ ಪಾದುಕೆ ಕೆತ್ತುತ್ತಾನೆ. ಸಿಕ್ಕಿಬೀಳುತ್ತಾನೆ. ಸಂಸಾರ ಗಂಟುಮೂಟೆ ಕಟ್ಟಿ ಗಾಡಿ ಏರಬೇಕಾಗುತ್ತದೆ. ಉಳಿದವರು ಬಾಗಿಲ ಹಿಂದೆ ನಿಂತು ನೋಡುತ್ತಾರೆ, ಹೊರಗೆ ಬರುವುದಿಲ್ಲ. ಕಾಕಾ ಇದಕ್ಕೆ ಏನೂ ಅನ್ನಲಿಲ್ಲ, ಜೀತದ ಕಾಲ ಕಂಡ ಸೀಮೆಗೆ ಇದರಲ್ಲಿ ಹೊಸದೇನು? ಅವರಿಗೆ ಕುತೂಹಲ ಹುಟ್ಟಿದ್ದು ಅದರಲ್ಲೇ ಬರುವ ಒಬ್ಬ ಅಜ್ಜನ ಮೇಲೆ. ಎಲ್ಲರಿಗಿಂತ ಮೊದಲೇ ಟೊಮ್ಯಾಟೊ ಹಣ್ಣು ಮಾಡಿ ಪೇಟೆಗೆ ಒಯ್ಯಬೇಕು ಅಂತ ಆತ ಗುಟ್ಟಾಗಿ ಕೋಳಿ ಗೊಬ್ಬರ ಹಾಕುತ್ತಾನೆ, ಮೊಮ್ಮಗಳಿಗೆ ಮಾತ್ರ ಗುಟ್ಟು ಹೇಳುತ್ತಾನೆ. “ಕೋಳಿ ಗೊಬ್ಬರ ಬಿಸಿ ಇರ್ತದ, ಖರೇ. ಯಾವ ತಿಂಗಳದಾಗ ಹಾಕಿದ?” ಕಾನ್‌ನ ತೀರ್ಪುಗಾರರು ಈ ಪ್ರಶ್ನೆ ಕೇಳಿರಲಿಕ್ಕಿಲ್ಲ. ಓಲ್ಮಿ ಬದುಕಿದ್ದರೆ ಈ ಪ್ರಶ್ನೆಗೆ ಖುಷಿಯಿಂದ ಉತ್ತರ ಕೊಡುತ್ತಿದ್ದರು ಅಂತ ನನಗೆ ಖಾತ್ರಿಯಿದೆ.

ತುರ್ಕಿಯ ‘ಸುರು’ 1978ರದ್ದು. ಯಿಲ್ಮಾಜ್ ಗುನೇ ಜೈಲಿನಲ್ಲಿ ಕೂತು ಬರೆದ, ಗೆಳೆಯ ಜೆಕಿ ಓಕ್ಟೆನ್ ನಿರ್ದೇಶಿಸಿದ. ಕುರಿಗಾಹಿ ಕುಟುಂಬವೊಂದು ತನ್ನ ಹಿಂಡನ್ನು ರೈಲಿನಲ್ಲಿ ರಾಜಧಾನಿ ಅಂಕಾರಾಕ್ಕೆ ಮಾರಲು ಒಯ್ಯುತ್ತದೆ. ದಾರಿಯುದ್ದಕ್ಕೂ ಲಂಚವಾಗಿ ಕುರಿ ಕೊಡಬೇಕು, ಡಬ್ಬಿಯಲ್ಲಿ ಉಳಿದ ಡಿಡಿಟಿಯ ವಿಷಕ್ಕೆ ಕುರಿಗಳು ಸಾಯುತ್ತವೆ. ಸಂತೆ ಕಂಡ ಯಾರಿಗೂ ಇದನ್ನು ವಿವರಿಸಬೇಕಾಗಿಲ್ಲ.

ರಷ್ಯದ ತಾರ್ಕೋವ್‌ಸ್ಕಿಯ ‘ಮಿರರ್’ ಹೇಳಬೇಕೋ ಬೇಡವೋ ಅಂತ ಬಹಳ ಯೋಚಿಸಿದೆ. 1975ರ ಆ ಚಿತ್ರಕ್ಕೆ ಹಿಂದೆ ಮುಂದೆ ಹಿಡಿದು ಹೇಳುವ ಕತೆಯೇ ಇಲ್ಲ. ತಾಯಿ, ಬಾಲ್ಯದ ಮನೆ, ಕನಸು, ಯುದ್ಧ ಎಲ್ಲ ಒಂದರೊಳಗೊಂದು. ಹಾಗಾಗಿ ಕತೆ ಬಿಟ್ಟು ಅದನ್ನು ತೆಗೆದ ಬಗೆ ಹೇಳಿದೆ. ತನ್ನ ಬಾಲ್ಯದಲ್ಲಿ ಮನೆ ಮುಂದೆ ಬಿಳಿ ಹೂವಿನ ಕುಟ್ಟು ಬೆಳೆಯುವ ಹೊಲವಿತ್ತು ಅಂತ ಆತನ ನೆನಪು. ನಮ್ಮ ಉತ್ತರದ ಮಂದಿ ನವರಾತ್ರಿ ಉಪವಾಸಕ್ಕೆ ಹಿಟ್ಟು ಮಾಡುತ್ತಾರಲ್ಲ, ಅದೇ ಕುಟ್ಟು. ಚಿತ್ರೀಕರಣಕ್ಕೆ ಹೋದರೆ ಅಲ್ಲಿ ಆ ಬೆಳೆ ನಿಂತು ವರ್ಷಗಳಾಗಿದ್ದವು. ಈ ನೆಲದಲ್ಲಿ ಅದು ಬರುವುದಿಲ್ಲ ಅಂದರು ಅಲ್ಲಿಯ ರೈತರು. ತಾರ್ಕೋವ್‌ಸ್ಕಿ ಹೊಲವನ್ನು ಬಾಡಿಗೆಗೆ ಹಿಡಿದು ಕುಟ್ಟು ಬಿತ್ತಿಸಿದ. ಬೆಳೆ ಹುಲುಸಾಗಿ ಬಂದು ಹೊಲ ತುಂಬ ಬಿಳಿ ಹೂವಾಯಿತು. ಅದು ಹೂ ಬಿಡದಿದ್ದರೆ ಚಿತ್ರ ಏನಾಗುತ್ತಿತ್ತೋ ಅಂತ ಆತನೇ ಬರೆದಿದ್ದಾನೆ. “ಸಿನಿಮಾ ಮಾಡ್ಲಾಕ ಬಿತ್ತಿದನೇನು?” ಕಾಕಾ ಎರಡು ಸಲ ಕೇಳಿದರು. ಆಮೇಲೆ, “ಅವಂದು ತೋರ್ಸು ತಮ್ಮಾ. ತಿಳೀಲಿಲ್ಲಂದ್ರೂ ನಡೀತದ, ಹೊಲ ನೋಡ್ತೀನಿ.” ಫೋನಿನಲ್ಲಿ ತೋರಿಸಿದೆ. ಗಾಳಿ ಬಂದು ಬೆಳೆ ಬಾಗುವ ದೃಶ್ಯ, ಕಣಜ ಹೊತ್ತಿ ಉರಿಯುವ ದೃಶ್ಯ. ಬಣಮಿ ಸುಟ್ಟುಹೋದದ್ದನ್ನು ಕಂಡ ಕಣ್ಣುಗಳು ಅವು. ಎಷ್ಟು ಓದಿದರೂ ನನಗೆ ಆ ಬೆಂಕಿ ಅವರಿಗೆ ಕಂಡಷ್ಟು ಕಾಣಲಾರದು.

ಹಳ್ಳಿಯವರಿಗೆ ತೋರಿಸಿ ನೋಡಿದವರು ಎಷ್ಟು ಮಂದಿ ಅಂತ ಮೇಲೆ ಕೇಳಿದೆನಲ್ಲ, ಇದ್ದಾರೆ. ನಮ್ಮ ನಾಡಿನಲ್ಲೇ ಇದ್ದರು. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ 1973ರಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿದರು. ಪುಣೆಯ ಫಿಲ್ಮ್ ಆರ್ಕೈವ್‌ನ ಪಿ.ಕೆ. ನಾಯರ್, ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದೂರ್ ಅಲ್ಲಿಗೆ ಬಂದು ರಸಗ್ರಹಣ ಶಿಬಿರ ನಡೆಸಿದರು. ‘ಪಥೇರ್ ಪಾಂಚಾಲಿ’, ‘ರಾಶೊಮೊನ್’, ‘ಬೈಸಿಕಲ್ ಥೀವ್ಸ್’ ನೋಡಿದ ಅಡಿಕೆ ತೋಟದ ರೈತರು ಅವನ್ನು ವರ್ಷಗಟ್ಟಲೆ ನೆನಪಿಟ್ಟುಕೊಂಡು ಮಾತಾಡಿದರು. ಆಫ್ರಿಕದಲ್ಲಿ ಸೆನೆಗಲ್‌ನ ಉಸ್ಮಾನ್ ಸೆಂಬೆನ್ ತನ್ನ ಚಿತ್ರಗಳ ಪ್ರಿಂಟ್ ಹಿಡಿದು ಹಳ್ಳಿಯಿಂದ ಹಳ್ಳಿಗೆ ಹೋದ, ತೋರಿಸಿದ, ಆಟ ಮುಗಿದ ಮೇಲೆ ಜನರ ನಡುವೆ ಕೂತು ವಾದ ಮಾಡಿದ. ಬೆನೆಗಲ್ ಅವರ 1976ರ ‘ಮಂಥನ್’ ಚಿತ್ರಕ್ಕೆ ಗುಜರಾತಿನ 5 ಲಕ್ಷ ಹೈನುಗಾರರು ತಲಾ 2 ರೂಪಾಯಿ ಹಾಕಿದರು, ನಮ್ಮ ಸಿನಿಮಾ ಅಂತ ಲಾರಿ ಕಟ್ಟಿಸಿಕೊಂಡು ಹೋಗಿ ನೋಡಿದರು. ನಮ್ಮ ಬೀದರಕ್ಕೆ ಮಾತ್ರ ಇಂಥದ್ದು ಬರಲಿಲ್ಲ. ಎಂಬತ್ತರ ದಶಕದಲ್ಲಿ ದೂರದರ್ಶನ ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಯ ಪ್ರಶಸ್ತಿ ಚಿತ್ರ ಹಾಕುತ್ತಿತ್ತು, ನಾನು ಕಲಿತದ್ದೆಲ್ಲ ಆ ಮಧ್ಯಾಹ್ನಗಳಲ್ಲಿ. ಆದರೆ ಕಾಕಾ ಆ ಹೊತ್ತಿಗೆ ಹೊಲದಲ್ಲಿರುತ್ತಿದ್ದರು.

2024ರಲ್ಲಿ ‘ಮಂಥನ್’ ಹೊಸದಾಗಿ ದುರಸ್ತಿಯಾಗಿ ಕಾನ್‌ನಲ್ಲಿ ತೆರೆ ಕಂಡಿತು. ಅದೇ ವರ್ಷ ‘ಘಟಶ್ರಾದ್ಧ’ವೂ ದುರಸ್ತಿಯಾಗಿ ವೆನಿಸ್‌ಗೆ ಹೋಯಿತು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಈ ಕೆಲಸ ಮಾಡುತ್ತಿದೆ, ‘ಘಟಶ್ರಾದ್ಧ’ಕ್ಕೆ ಮಾರ್ಟಿನ್ ಸ್ಕಾರ್ಸೆಸಿಯ ಸಂಸ್ಥೆಯ ಕೈಯೂ ಇತ್ತು. ಬಹಳ ಸಂತೋಷದ ಸುದ್ದಿ. ವೆನಿಸ್‌ಗೆ ಹೋದದ್ದು ಭಾಲ್ಕಿಗೂ ಬರಬೇಕು, ಮೆಹಕರಕ್ಕೂ ಬರಬೇಕು. ‘ಬರ’ವೂ ಹಾಗೇ ದುರಸ್ತಿಯಾಗಿ, ತೆಗೆದ ಜಿಲ್ಲೆಯಲ್ಲೇ ಮೊದಲ ಆಟ ಕಾಣಬೇಕು.

ಒಂದು ತೊಡಕನ್ನು ಕಾಕು ಎತ್ತಿದರು. “ತೆಳಗ ಅಕ್ಷರ ಬರ್ತಾವಂತ, ಇಂಗ್ಲಿಷನಾಗ. ಓದ್ಲಾಕ ಬರಲಾರದವರು ಏನ್ ಮಾಡೂದು?” ಇದಕ್ಕೆ ಉತ್ತರ ನಮ್ಮ ಊರಲ್ಲೇ ಇದೆ. ಶ್ರಾವಣದಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ರಾಗವಾಗಿ ಪದ್ಯ ಓದುತ್ತಾರೆ, ಪಕ್ಕದಲ್ಲಿ ಕೂತ ಇನ್ನೊಬ್ಬರು ಅರ್ಥ ಹೇಳುತ್ತಾರೆ. ಮರಾಠಿ ಮನೆಗಳ ಪೋಥಿಯಲ್ಲೂ ಹೀಗೇ. ನಡುಗನ್ನಡದ ಷಟ್ಪದಿ ಎಷ್ಟು ಮಂದಿಗೆ ನೇರವಾಗಿ ತಿಳಿಯುತ್ತದೆ? ಆದರೂ ಊರೆಲ್ಲ ಕೂತು ಕೇಳಿ ಕಣ್ಣೀರು ಹಾಕುವುದಿಲ್ಲವೇ? ಸಿನಿಮಾಗೂ ಒಬ್ಬ ಅರ್ಥ ಹೇಳುವವನಿದ್ದರಾಯಿತು. ಮೂಕಿ ಚಿತ್ರಗಳ ಕಾಲದಲ್ಲಿ ಜಪಾನಿನಲ್ಲಿ ಹೀಗೇ ಇತ್ತು. ಪರದೆಯ ಪಕ್ಕ ನಿಂತು ಕತೆ ಹೇಳುವವರನ್ನು ಬೆನ್ಶಿ ಅನ್ನುತ್ತಿದ್ದರು. ಚಿತ್ರದ ತಾರೆಯರಷ್ಟೇ ಹೆಸರು ಅವರಿಗೂ ಇತ್ತು, ಯಾರು ಹೇಳುತ್ತಾರೆ ಅಂತ ಕೇಳಿ ಜನ ಟಿಕೆಟ್ ಕೊಳ್ಳುತ್ತಿದ್ದರು. ಮೆಹಕರದಲ್ಲಿ ಒಬ್ಬರು ಕನ್ನಡದಲ್ಲಿ, ಒಬ್ಬರು ಮರಾಠಿಯಲ್ಲಿ ಹೇಳಿದರೆ ಇರಾನಿನ ಆಕಳೂ ತಿಳಿಯುತ್ತದೆ, ಇಟಲಿಯ ಕೋಳಿ ಗೊಬ್ಬರವೂ ತಿಳಿಯುತ್ತದೆ. ಆದರೆ ಹೇಳುವವರು ದೃಶ್ಯದ ಬಾಯಿ ಮುಚ್ಚುವಷ್ಟು ಮಾತಾಡಬಾರದು. ತಾರ್ಕೋವ್‌ಸ್ಕಿಯ ಹೊಲದಲ್ಲಿ ಗಾಳಿ ಬೀಸುವಾಗ ಸುಮ್ಮನಿರುವುದು ಗೊತ್ತಿರಬೇಕು. ಒಳ್ಳೆಯ ಪುರಾಣಿಕರಿಗೆ ಅದು ಗೊತ್ತು.

ಈಗ ಮಾತು ಯೋಜನೆಯ ಮಟ್ಟಕ್ಕೆ ಬಂದಿದೆ. ತೊಗರಿ ರಾಶಿ ಮುಗಿದ ಮೇಲೆ ಅಂತ ಕಾಕಾ. ಪರದೆಗೆ ಎರಡು ಧೋತರ ಹೊಲಿದರಾಯಿತು ಅಂತ ಅವರೇ ಹೇಳಿದ್ದಾರೆ. ಪ್ರೊಜೆಕ್ಟರ್, ಭಜನಾ ಮಂಡಳಿಯ ಸ್ಪೀಕರ್ ನನ್ನ ಪಾಲಿಗೆ. ಚಿತ್ರದ ಹಕ್ಕು ಯಾರ ಬಳಿ ಇದೆ, ಅನುಮತಿ ಹೇಗೆ ಪಡೆಯುವುದು ಅನ್ನುವುದನ್ನೂ ನಾನೇ ವಿಚಾರಿಸಬೇಕು. ಮೊದಲು ಯಾವುದು ಅನ್ನುವುದಕ್ಕೆ ಮಾತ್ರ ಇನ್ನೂ ಜಗಳ ಹರಿದಿಲ್ಲ. ಕಾಕಾಗೆ ‘ಗಾವ್’ ಮೊದಲು ಬೇಕು. ಕಾಕು ಒಪ್ಪುತ್ತಿಲ್ಲ.

“ನಮ್ಮ ಜಿಲ್ಲಾದಾಗ ತೆಗದಾರ ಅಂತೀರಿ, ನಮ್ಮ ಬರದ್ದು ಅಂತೀರಿ. ಅದನ್ನ ಬಿಟ್ಟು ಇರಾನಕ್ಕ ಹ್ಯಾಂಗ್ ಹೋಗ್ತೀರಿ? ಮೊದಲ ‘ಬರ’ ಹಚ್ರಿ. ಖಡಿ ಒಡೆದ ಮುದುಕ್ಯಾರು ಇನ್ನೂ ಮೂರ್ನಾಲ್ಕು ಮಂದಿ ಅದಾರ ಊರಾಗ, ಅವರ್ನ ನಾ ಮುಂದ ಕುಂದರಸ್ತೀನಿ. ಅವರು ಹೇಳ್ಲಿ, ಸಾಹೇಬ ಖರೇ ಮಾತಾಡ್ಯಾನೋ ಇಲ್ಲೋ.”